ನಿಮಗಿದು ಗೊತ್ತೆ? ಶಾಖವಿಲ್ಲದೆಯೂ ಲ್ಯಾಮಿನೇಷನ್!
ಜೆರಾಕ್ಸ್ ಅಂಗಡಿಯ ಲ್ಯಾಮಿನೇಷನ್‌ಗೆ ಬಿಸಿ ರೋಲರ್ ಬೇಕೇ ಬೇಕು. ಪ್ಲಾಸ್ಟಿಕ್ ಹಾಳೆಯ ಒಳಮೈಯ ಅಂಟು ಕರಗಿ ಕಾಗದಕ್ಕೆ ಹಿಡಿಯುವುದು ಆ ಶಾಖದಿಂದಲೇ. ಆದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ ಜೀರ್ಣ ದಾಖಲೆಗಳಿಗಾಗಿ ಯಂತ್ರವೂ ಶಾಖವೂ ಬೇಡದ ಕೈವಿಧಾನವನ್ನೇ ರೂಪಿಸಿತು. ದಾಖಲೆಯ ಮೇಲೆ ಸೆಲ್ಯುಲೋಸ್ ಅಸಿಟೇಟ್ ಹಾಳೆ, ಅದರ ಮೇಲೆ ತೆಳು ಟಿಶ್ಯೂ ಕಾಗದ ಹಾಸಿ, ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯುಂಡೆಯಿಂದ ನಡುವಿನಿಂದ ಅಂಚಿನತ್ತ ಸವರುತ್ತಾರೆ. ಅಸಿಟೇಟ್ ಮೆತ್ತಗಾಗಿ ಮೂರನ್ನೂ ಬೆಸೆಯುತ್ತದೆ. ಒಣಗಿದ ಮೇಲೆ ಹಿಂಬದಿಗೂ ಹಾಗೆಯೇ. ಕರೆಂಟಿಲ್ಲದ ಊರಲ್ಲೂ ಮಾಡಬಹುದಾದ ಈ ಜಾಣ್ಮೆಯನ್ನು ಮೆಚ್ಚಲೇಬೇಕು. ಆದರೆ ಹಳತಾದ ಅಸಿಟೇಟ್ ಆಮ್ಲ ಬಿಡುವುದರಿಂದ ಈಗಿನ ಸಂರಕ್ಷಕರು ಗಂಜಿ ಅಂಟು, ಜಪಾನಿ ಟಿಶ್ಯೂ ಕಡೆಗೇ ಒಲಿದಿದ್ದಾರೆ. ಅಂದಹಾಗೆ, ಥರ್ಮಲ್ ಕಾಗದದ ಬಿಲ್ಲನ್ನು ಬಿಸಿ ಲ್ಯಾಮಿನೇಷನ್‌ಗೆ ಕೊಡಬೇಡಿ: ರೋಲರ್ ತಾಗಿದೊಡನೆ ಇಡೀ ಕಾಗದ ಕಪ್ಪಾಗುತ್ತದೆ.