ಏದುಸಿರಿಗೆ ಪ್ರಾಯವೊಂದೇ ಕಾರಣವಲ್ಲ

ನಮ್ಮ ಜಮಾಅತಿನ ಒಬ್ಬ ಹಿರಿಯರು ಸುಬ್‌ಹಿಗೆ ಮನೆಯಿಂದ ನಡೆದೇ ಬರುತ್ತಿದ್ದವರು. ಕಳೆದ ಮಳೆಗಾಲ ಮುಗಿದ ಮೇಲೆ ದಾರಿಯಲ್ಲಿ ಎರಡು ಕಡೆ ನಿಂತು ಬರತೊಡಗಿದರು. ಆಮೇಲೆ ನಮಾಝಿಗೆ ಕುರ್ಚಿ ಬೇಕೆಂದರು. ಕೇಳಿದರೆ, "ಪ್ರಾಯ ಆಯ್ತಲ್ಲ ಉಸ್ತಾದ್, ಇನ್ನೆಂತ?" ಎಂದು ನಕ್ಕರು. ಮಗ ಒತ್ತಾಯದಿಂದ ಡಾಕ್ಟರರ ಬಳಿ ಕರೆದುಕೊಂಡು ಹೋದಾಗ ಗೊತ್ತಾಯಿತು, ತೊಂದರೆ ಇದ್ದದ್ದು ಹೃದಯದಲ್ಲಿ.

ಪ್ರಾಯವಾದಂತೆ ಹೃದಯದ ಗರಿಷ್ಠ ವೇಗ ಕಡಿಮೆಯಾಗುವುದು ಸಹಜ. 220ರಿಂದ ಪ್ರಾಯವನ್ನು ಕಳೆದರೆ ನಿಮಿಷಕ್ಕೆ ಗರಿಷ್ಠ ಎಷ್ಟು ಬಡಿತ ಸಾಧ್ಯ ಎಂಬ ಅಂದಾಜು ಸಿಗುತ್ತದೆ. 20ರ ಯುವಕನಿಗೆ 200 ಆದರೆ, 70ರ ಹಿರಿಯರಿಗೆ 150. ಜೊತೆಗೆ ಹೃದಯದ ಗೋಡೆಯೂ ಬಿಗಿಯಾಗುತ್ತದೆ. ಬಿಪಿ, ಶುಗರ್, ಬೊಜ್ಜು ಇದ್ದವರಲ್ಲಿ ಇದು ಇನ್ನೂ ಹೆಚ್ಚು. ಬಿಗಿಯಾದ ಹೃದಯ ಸರಿಯಾಗಿ ಸಡಿಲಗೊಂಡು ರಕ್ತ ತುಂಬಿಕೊಳ್ಳುವುದಿಲ್ಲ. ಕೂತಿರುವಾಗ ಏನೂ ಗೊತ್ತಾಗದು. ಮೆಟ್ಟಿಲು ಹತ್ತುವಾಗ ಒತ್ತಡ ಹಿಂದಕ್ಕೆ ಶ್ವಾಸಕೋಶಕ್ಕೆ ತಾಗಿ ಏದುಸಿರು ಬರುತ್ತದೆ.

ಎಕೋ ಪರೀಕ್ಷೆಯಲ್ಲಿ "ಪಂಪಿಂಗ್ ಸರಿ ಇದೆ" ಎಂದು ಬಂದರೂ ಈ ತೊಂದರೆ ಇರಬಹುದು. ಹಾಗಾಗಿ ಎಷ್ಟು ದೂರ ನಡೆದರೆ, ಎಷ್ಟು ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟುತ್ತದೆ ಎಂದು ಡಾಕ್ಟರರಿಗೆ ಬಿಡಿಸಿ ಹೇಳಬೇಕು. ಪಾದ ಊದುವುದು, ಮಲಗಿದರೆ ಉಸಿರುಗಟ್ಟುವುದು, ಕೆಲವೇ ದಿನಗಳಲ್ಲಿ ತೂಕ ಏರುವುದು ಕಂಡರೆ ತಡ ಮಾಡಬಾರದು. ಎದೆನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹಜ್, ಉಮ್ರಾಕ್ಕೆ ಹೊರಟವರು ಇದನ್ನು ವಿಶೇಷವಾಗಿ ಗಮನಿಸಬೇಕು. ಸಫಾ ಮರ್ವಾದ ನಡುವಿನ ಏಳು ನಡಿಗೆಯೇ ಸುಮಾರು ಮೂರು ಕಿಲೋಮೀಟರ್. ತವಾಫ್ ಬೇರೆ. ಪೆಟ್ಟಿಗೆ ಕಟ್ಟುವ ವಾರದಲ್ಲಿ ಅಲ್ಲ, ತಿಂಗಳುಗಳ ಮೊದಲೇ ತಪಾಸಣೆ ಮಾಡಿಸಿ ನಡಿಗೆ ಶುರು ಮಾಡಿ.

ಹೃದಯ ದುರ್ಬಲ ಎಂದು ಪೂರ್ತಿ ಕೂತುಬಿಡುವುದೂ ತಪ್ಪು. ಕೂತಷ್ಟೂ ಶಕ್ತಿ ಕುಂದುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹಿರಿಯರಿಗೂ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ವ್ಯಾಯಾಮ ಹೇಳುತ್ತದೆ. ಕಾಯಿಲೆ ಇದ್ದವರು ಡಾಕ್ಟರರನ್ನು ಕೇಳಿ ಹತ್ತು ನಿಮಿಷದಿಂದ ಆರಂಭಿಸಲಿ. ಮಾತಾಡುತ್ತಾ ನಡೆಯಲು ಆಗುವಷ್ಟು ವೇಗ ಸಾಕು. ಉಪ್ಪು ದಿನಕ್ಕೆ ಐದು ಗ್ರಾಮಿನೊಳಗಿರಲಿ. ನಮ್ಮ ಒಣಮೀನು, ಉಪ್ಪಿನಕಾಯಿಯ ಉಪ್ಪೂ ಆ ಲೆಕ್ಕದಲ್ಲೇ ಬರುತ್ತದೆ.

ನಿಲ್ಲಲಾಗದವರಿಗೆ ಕೂತು ನಮಾಝ್ ಮಾಡಲು ದೀನ್ ಅನುಮತಿ ಕೊಟ್ಟಿದೆ. ಅದರಲ್ಲಿ ಸಂಕೋಚ ಬೇಡ. ಆದರೆ ಮನೆಯ ಹಿರಿಯರು ಮೊದಲ ಸಲ ಕುರ್ಚಿ ಕೇಳಿದ ದಿನ, ಕುರ್ಚಿ ಕೊಟ್ಟು "ಯಾಕೆ?" ಎಂದೂ ಕೇಳಿ.

ನಮ್ಮ ಹಿರಿಯರು ಈಗ ಮದ್ದು ತಪ್ಪಿಸುವುದಿಲ್ಲ. ಅಸರಿಗೆ ಮೊಮ್ಮಗನ ಜೊತೆ ನಿಧಾನಕ್ಕೆ ನಡೆದು ಬರುತ್ತಾರೆ, ಅಲ್‌ಹಮ್ದುಲಿಲ್ಲಾಹ್.