ಕುಂಡದಲ್ಲೊಂದು ಪಂಚವಟಿ: ಗೋದಾವರಿ ತೀರದ ಕನ್ನಡಿಗರಿಗೆ ಬೋನ್ಸಾಯ್ ಹವ್ಯಾಸ

ನಾಸಿಕ್/ಛತ್ರಪತಿ ಸಂಭಾಜಿನಗರ: ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆ ಎಂದು 9ನೇ ಶತಮಾನದ ಕವಿರಾಜಮಾರ್ಗ ಸಾರಿತ್ತು. ಆ ಗೋದಾವರಿ ಹುಟ್ಟುವುದು ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ. ನಾಸಿಕ್ ನಗರವನ್ನು ಹಾದು ಹೋಗುವ ಅದೇ ನದಿ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ ಜಾಯಕವಾಡಿ ಜಲಾಶಯವಾಗಿ ನಿಲ್ಲುತ್ತದೆ. 2023ರವರೆಗೆ ಔರಂಗಾಬಾದ್ ಎಂದು ಕರೆಯಲ್ಪಡುತ್ತಿದ್ದ ಈ ಜಿಲ್ಲೆಯಲ್ಲೇ ರಾಷ್ಟ್ರಕೂಟರು ಕೊರೆಸಿದ ಎಲ್ಲೋರದ ಕೈಲಾಸ ದೇವಾಲಯವಿದೆ. ಇಂತಹ ನಂಟಿನ ನೆಲದಲ್ಲಿ ಹೊಟೇಲು, ಕಾರ್ಖಾನೆ, ಬ್ಯಾಂಕು, ವಿದ್ಯಾಸಂಸ್ಥೆಗಳಲ್ಲಿ ದುಡಿದು ನೆಲೆನಿಂತ ಕನ್ನಡಿಗರ ಮನೆಗಳಲ್ಲಿ ಊರಿನ ಅಂಗಳ, ತೋಟ, ಗೋಳಿಮರದ ಕಟ್ಟೆ ಎಲ್ಲವೂ ನೆನಪಾಗಿಯೇ ಉಳಿದಿವೆ. ಫ್ಲಾಟಿನ ಗ್ಯಾಲರಿಯ ನಾಲ್ಕು ಅಡಿ ಜಾಗದಲ್ಲಿ ಮರವೊಂದನ್ನು ಸಾಕುವ ಬಯಕೆ ಇದ್ದವರಿಗೆ ಬೋನ್ಸಾಯ್ ಒಂದು ಒಳ್ಳೆಯ ದಾರಿ.

ನಾಸಿಕ್‌ಗೆ ಈ ಹವ್ಯಾಸ ಒಪ್ಪುವುದಕ್ಕೆ ಇನ್ನೊಂದು ಕಾರಣವೂ ಇದೆ. ಇಲ್ಲಿನ ಪಂಚವಟಿಗೆ ಆ ಹೆಸರು ಬಂದದ್ದೇ ಐದು ವಟವೃಕ್ಷಗಳಿಂದ. ಕಾಳಾರಾಮ ಮಂದಿರ, ಸೀತಾಗುಫಾ ನೋಡಲು ಬರುವ ಭಕ್ತರಿಗೆ ಆಲದ ಮರಗಳನ್ನು ಇಂದಿಗೂ ತೋರಿಸುತ್ತಾರೆ. ಅತ್ತ ಸಂಭಾಜಿನಗರದ ಪಾನ್‌ಚಕ್ಕಿಯ ಅಂಗಳದಲ್ಲೂ ಹಳೆಯ ಆಲವೊಂದು ನೆರಳು ಚೆಲ್ಲಿ ನಿಂತಿದೆ. ನಮ್ಮ ಹವೆಯಲ್ಲಿ ಬೋನ್ಸಾಯ್ ಕಲಿಯುವವರಿಗೆ ಮೊದಲ ಗುರುವೂ ಇದೇ ಆಲದ ಕುಟುಂಬ.

ತಟ್ಟೆಯಲ್ಲಿ ನೆಟ್ಟ ಮರ

ಜಪಾನೀ ಭಾಷೆಯಲ್ಲಿ ಬೋನ್ಸಾಯ್ ಎಂದರೆ ತಗ್ಗಾದ ಕುಂಡದಲ್ಲಿ ನೆಟ್ಟ ಗಿಡ ಎಂದಷ್ಟೇ ಅರ್ಥ. ಮೂಲ ಚೀನಾದ್ದು, ಬೆಳೆಸಿ ಶಾಸ್ತ್ರವಾಗಿಸಿದ್ದು ಜಪಾನ್. ಬೋನ್ಸಾಯ್ ಬೇರೆಯೇ ಕುಳ್ಳ ತಳಿ ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ವಾಸ್ತವದಲ್ಲಿ ಅದು ಕಾಡಿನ ಮರದ ಬೀಜದಿಂದಲೇ ಹುಟ್ಟಿದ ಗಿಡ. ನೆಲಕ್ಕೆ ಇಳಿಸಿದರೆ ಪುನಃ ದೊಡ್ಡ ಮರವಾಗುತ್ತದೆ. ಬೇರಿಗೆ ಜಾಗ ಕಡಿಮೆ, ಚಿಗುರಿಗೆ ಆಗಾಗ ಕತ್ತರಿ, ಇವೆರಡೇ ಅದನ್ನು ಸಣ್ಣದಾಗಿ ಇಡುವ ಗುಟ್ಟು. ಎಲೆ ಕಾಲಕ್ರಮೇಣ ಚಿಕ್ಕದಾಗುತ್ತದೆ, ಆದರೆ ಹೂವು ಮತ್ತು ಹಣ್ಣಿನ ಗಾತ್ರ ಅಷ್ಟಾಗಿ ಕುಗ್ಗುವುದಿಲ್ಲ. ಒಂದಡಿ ಎತ್ತರದ ದಾಳಿಂಬೆ ಗಿಡದಲ್ಲಿ ದೊಡ್ಡ ಹಣ್ಣು ತೂಗುವುದು ಇದೇ ಕಾರಣಕ್ಕೆ.

ಮರವನ್ನು ಉಪವಾಸ ಕೆಡವಿ ಹಿಂಸಿಸುತ್ತಾರೆ ಎಂಬ ಆಕ್ಷೇಪವೂ ಇದೆ. ಆದರೆ ನೀರು, ಗೊಬ್ಬರ, ಬಿಸಿಲು ಸಿಗದ ಬೋನ್ಸಾಯ್ ಸಾಯುತ್ತದೆಯೇ ಹೊರತು ಚೆಂದವಾಗುವುದಿಲ್ಲ. ಕತ್ತರಿಸುವುದೇ ಹಿಂಸೆ ಎನ್ನುವವರು ನಾಸಿಕ್‌ನ ದ್ರಾಕ್ಷಿ ತೋಟಗಳನ್ನು ನೋಡಬೇಕು. ಇಲ್ಲಿನ ರೈತರು ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ ಬಳ್ಳಿಯನ್ನು ಸವರುತ್ತಾರೆ. ಮೊದಲನೆಯದು ರೆಂಬೆ ಬಲಿಯಲು, ಎರಡನೆಯದು ಹಣ್ಣು ಬಿಡಲು. ಎಲ್ಲಿ ಕತ್ತರಿಸಿದರೆ ಎಲ್ಲಿ ಚಿಗುರುತ್ತದೆ ಎಂಬ ದ್ರಾಕ್ಷಿ ರೈತನ ಲೆಕ್ಕವೇ ಬೋನ್ಸಾಯ್‌ನ ಲೆಕ್ಕವೂ ಹೌದು.

ಯಾವ ಗಿಡ, ಎಲ್ಲಿಂದ?

ಚಿತ್ರಗಳಲ್ಲಿ ಕಾಣುವ ಜಪಾನಿನ ಪೈನ್, ಮೇಪಲ್‌ಗಳ ಆಸೆಯನ್ನು ಆರಂಭದಲ್ಲಿ ಬಿಡುವುದು ಒಳಿತು. ಅವು ತಂಪು ದೇಶದ ಮರಗಳು, ಮರಾಠವಾಡದ ಬೇಸಗೆಗೆ ಬಾಳುವುದಿಲ್ಲ. ಸಣ್ಣ ಎಲೆಯ ಫೈಕಸ್ ಗಿಡಗಳು, ಜೇಡ್, ಬೋಗನ್‌ವಿಲ್ಲಾ, ಹುಣಸೆ, ದಾಳಿಂಬೆ, ಕರಂಡೆ, ಅಡೆನಿಯಂ ಇವೆಲ್ಲ ಇಲ್ಲಿನ ಬಿಸಿಲಿಗೆ ಹೊಂದುತ್ತವೆ. ತೀರಾ ಹೊಸಬರಿಗೆ ಜೇಡ್ ಸುಲಭ. ಅದರ ದಪ್ಪ ಎಲೆಯಲ್ಲೇ ನೀರಿನ ದಾಸ್ತಾನು ಇರುವುದರಿಂದ ಒಂದೆರಡು ದಿನ ಮರೆತರೂ ಕ್ಷಮಿಸುತ್ತದೆ. ರೆಂಬೆ ಮುರಿದು ನೆಟ್ಟರೂ ಬೇರು ಬಿಡುತ್ತದೆ.

ಕಾಸು ಖರ್ಚಿಲ್ಲದೆ ಗಿಡ ಬೇಕೆಂದರೆ ಕಟ್ಟಡಗಳನ್ನು ತಲೆಯೆತ್ತಿ ನೋಡಿದರಾಯಿತು. ಹಕ್ಕಿಗಳು ಹಾಕಿದ ಬೀಜದಿಂದ ಗೋಡೆಯ ಬಿರುಕು, ಮಳೆನೀರಿನ ಕೊಳವೆಗಳ ಸಂದಿಯಲ್ಲಿ ಆಲ, ಅಶ್ವತ್ಥ, ಅತ್ತಿಯ ಸಸಿಗಳು ಹುಟ್ಟಿರುತ್ತವೆ. ಬಿಟ್ಟರೆ ಗೋಡೆಯನ್ನೇ ಸೀಳುವ ಈ ಸಸಿಗಳನ್ನು ಸೊಸೈಟಿಯವರು ಹೇಗೂ ಕಿತ್ತು ಎಸೆಯುತ್ತಾರೆ. ಮಳೆಗಾಲದ ಆರಂಭದಲ್ಲಿ ಬೇರು ಸಹಿತ ಬಿಡಿಸಿ ತಂದರೆ ಗೋಡೆಯೂ ಉಳಿದೀತು, ಗಿಡವೂ ಬದುಕೀತು. ಸಂದಿಯಲ್ಲಿ ಸಿಕ್ಕು ವಕ್ರವಾಗಿ ಬೆಳೆದ ಕಾಂಡಕ್ಕೆ ಹಳೆಯ ಮರದ ಕಳೆ ತಾನಾಗಿ ಬಂದಿರುತ್ತದೆ. ಆದರೆ ಸಹ್ಯಾದ್ರಿಯ ಕಾಡಿಗೆ ಹೋಗಿ ಹಳೆಯ ಗಿಡಗಳನ್ನು ಅಗೆದು ತರುವುದು ಸಲ್ಲದು. ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ಕೀಳುವುದು ಅಪರಾಧ. ಅಲ್ಲದೆ ಹಾಗೆ ತಂದ ಗಿಡಗಳಲ್ಲಿ ಹೆಚ್ಚಿನವು ಹೊಸಬರ ಕೈಯಲ್ಲಿ ಉಳಿಯುವುದೂ ಇಲ್ಲ.

ಮಣ್ಣಿನ ಮರ್ಮ

ಎರಡೂ ನಗರಗಳ ಸುತ್ತಲಿನ ಎರೆಮಣ್ಣು ಹತ್ತಿ, ಜೋಳಕ್ಕೆ ಬಂಗಾರ. ಕುಂಡಕ್ಕೆ ಮಾತ್ರ ಶತ್ರು. ಒದ್ದೆಯಾದಾಗ ಉಬ್ಬಿ ಗಾಳಿಯಾಡದಂತೆ ಮಾಡುತ್ತದೆ, ಒಣಗಿದಾಗ ಬಿರಿದು ಬೇರನ್ನು ಹರಿಯುತ್ತದೆ. ಬೋನ್ಸಾಯ್‌ಗೆ ಬೇಕಾದದ್ದು ನೀರು ಸರ್ರನೆ ಇಳಿದುಹೋಗುವ ಕಾಳಿನಂತಹ ಮಿಶ್ರಣ. ಇಟ್ಟಿಗೆ ಚೂರು ಎರಡು ಪಾಲು, ದಪ್ಪ ಮರಳು ಅಥವಾ ಜರಡಿ ಹಿಡಿದ ಮುರುಮ್ ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು ಸೇರಿಸಿದರೆ ಆರಂಭಕ್ಕೆ ಸಾಕು. ಚೂರುಗಳು 3ರಿಂದ 6 ಮಿಲಿಮೀಟರ್ ಇರಲಿ. ಧೂಳನ್ನು ಜರಡಿ ಹಿಡಿದು ತೆಗೆಯಲೇಬೇಕು, ಇಲ್ಲವಾದರೆ ಅದೇ ಕೆಸರಾಗಿ ತಳ ಕಟ್ಟುತ್ತದೆ. ಕುಂಡದ ತೂತಿಗೆ ನೆಟ್ ಇಟ್ಟು, ಗಿಡ ಅಲುಗದಂತೆ ತಂತಿಯಿಂದ ಬಿಗಿಯಬೇಕು.

ಹೊಸಬರ ಅವಸರವೆಂದರೆ ಬೆರಳು ಗಾತ್ರದ ಸಸಿಯನ್ನು ನೇರ ಅಂದದ ತಟ್ಟೆಗೆ ಏರಿಸುವುದು. ತಟ್ಟೆಯಲ್ಲಿ ಕಾಂಡ ದಪ್ಪವಾಗುವುದು ಬಹಳ ನಿಧಾನ. ಮೊದಲ ಮೂರ್ನಾಲ್ಕು ವರ್ಷ ಹಳೆಯ ಬಕೆಟು, ಒಡೆದ ಟಬ್ಬು ಅಥವಾ ಸಾಧ್ಯವಿದ್ದರೆ ನೆಲದಲ್ಲೇ ಬೆಳೆಯಲು ಬಿಟ್ಟು, ಕಾಂಡ ಬಲಿತ ಮೇಲೆ ಕುಂಡಕ್ಕೆ ತರುವುದು ಸರಿಯಾದ ಕ್ರಮ.

ಕತ್ತರಿ, ತಂತಿ, ತಾಳ್ಮೆ

ರೆಂಬೆಯಲ್ಲಿ ಆರೆಂಟು ಎಲೆ ಬಂದಾಗ ಎರಡು ಮೂರು ಎಲೆ ಉಳಿಸಿ ಚಿವುಟಿದರೆ ಪಕ್ಕದಿಂದ ಹೊಸ ಚಿಗುರು ಒಡೆದು ಮರ ತುಂಬಿಕೊಳ್ಳುತ್ತದೆ. ಫೈಕಸ್ ಜಾತಿಯವು ಕತ್ತರಿಸಿದಾಗ ಹಾಲು ಸುರಿಸುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿದರಾಯಿತು, ಕಣ್ಣಿಗೆ ತಾಗದಂತೆ ಮಾತ್ರ ಜಾಗ್ರತೆ ವಹಿಸಬೇಕು. ರೆಂಬೆಯನ್ನು ಬಾಗಿಸಲು ಅದರ ದಪ್ಪದ ಮೂರನೇ ಒಂದರಷ್ಟಿರುವ ಅಲ್ಯುಮಿನಿಯಂ ತಂತಿಯನ್ನು ಓರೆಯಾಗಿ ಸುತ್ತುತ್ತಾರೆ. ಮಳೆಗಾಲದಲ್ಲಿ ಆಲ ಬಲು ಬೇಗ ದಪ್ಪವಾಗುವುದರಿಂದ ತಂತಿ ತೊಗಟೆಗೆ ಕಚ್ಚಿಕೊಳ್ಳುತ್ತದೆ. ವಾರಕ್ಕೊಮ್ಮೆ ನೋಡಿ, ಕಚ್ಚುವ ಮೊದಲೇ ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು, ಬಿಚ್ಚಲು ಹೋದರೆ ರೆಂಬೆ ಮುರಿದೀತು.

ಎರಡು ವರ್ಷಕ್ಕೊಮ್ಮೆ ಕುಂಡದಿಂದ ತೆಗೆದು, ಬೇರಿನ ಸುಮಾರು ಮೂರನೇ ಒಂದು ಪಾಲು ಕತ್ತರಿಸಿ, ಹೊಸ ಮಿಶ್ರಣ ತುಂಬಬೇಕು. ಆಲದ ಜಾತಿಗೆ ಜೂನ್-ಜುಲೈ ಪ್ರಶಸ್ತ. ಅನಂತರ ಎರಡು ಮೂರು ವಾರ ನೆರಳಿನಲ್ಲಿಟ್ಟು, ಹೊಸ ಚಿಗುರು ಕಂಡ ಮೇಲೆಯೇ ಬಿಸಿಲಿಗೆ. ಗೊಬ್ಬರಕ್ಕೆ ತಿಂಗಳಿಗೊಮ್ಮೆ ಒಂದು ಹಿಡಿಗಿಂತ ಕಡಿಮೆ ಬೇವಿನ ಅಥವಾ ಕಡಲೆ ಹಿಂಡಿ ಸಾಕು.

ನೀರೇ ಪರೀಕ್ಷೆ

ಬೋನ್ಸಾಯ್ ಸಾಯುವುದು ಹೆಚ್ಚಾಗಿ ನೀರಿನ ತಪ್ಪಿನಿಂದ. ಮಣ್ಣಿನಲ್ಲಿ ಬೆರಳಿಟ್ಟು ನೋಡಿ, ಮೇಲಿನ ಪದರ ಒಣಗಿದ್ದರೆ ತಳದ ತೂತಿನಿಂದ ಹರಿದು ಬರುವವರೆಗೆ ನೀರು ಕೊಡಬೇಕು. ಗಡಿಯಾರ ನೋಡಿ ಚಮಚದಲ್ಲಿ ಹಾಕುವುದು ಸಲ್ಲದು. ಬೇಸಗೆಯಲ್ಲಿ ಬೆಳಗ್ಗೆ ಮತ್ತು ಸಂಜೆ, ಮಳೆಯಲ್ಲಿ ಕೆಲವೊಮ್ಮೆ ಬೇಡವೇ ಬೇಡ.

ಎರಡು ನಗರಗಳ ಹವೆ ಒಂದೇ ಅಲ್ಲ. ನಾಸಿಕ್‌ನಲ್ಲಿ ಚಳಿ ಹೆಚ್ಚು. ಜಿಲ್ಲೆಯ ನಿಫಾಡದಲ್ಲಿ ಜನವರಿಯ ಉಷ್ಣಾಂಶ 5 ಡಿಗ್ರಿಗಿಂತ ಕೆಳಗಿಳಿದ ದಿನಗಳೂ ಉಂಟು. ಆಗ ಆಲ, ಅಶ್ವತ್ಥ ಎಲೆ ಉದುರಿಸಿದರೆ ಗಾಬರಿಯಾಗಿ ನೀರು ಸುರಿಯಬಾರದು. ಸಂಭಾಜಿನಗರದಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿ ಟೆರೇಸಿನ ಮೇಲೆ ಅರ್ಧ ಬಿಸಿಲು ತಡೆಯುವ ಹಸಿರು ನೆಟ್ ಕಟ್ಟದೆ ತಗ್ಗು ಕುಂಡ ಉಳಿಯದು.

ಆ ನಗರದಲ್ಲಿ ನಳ್ಳಿ ನೀರಿಗಾಗಿ ದಿನಗಟ್ಟಲೆ ಕಾದ ಅನುಭವ ಅಲ್ಲಿನ ಪ್ರತಿ ಮನೆಗೂ ಇದೆ. ಗೋದಾವರಿಯ ಮೇಲ್ದಂಡೆಯ ಅಣೆಕಟ್ಟುಗಳಿಂದ ಜಾಯಕವಾಡಿಗೆ ಎಷ್ಟು ನೀರು ಬಿಡಬೇಕೆಂದು ನಾಸಿಕ್ ಮತ್ತು ಮರಾಠವಾಡದ ನಡುವೆ ವ್ಯಾಜ್ಯವೇ ನಡೆದಿದೆ. ಕುಡಿಯುವ ನೀರಿಗೇ ತತ್ವಾರವಿರುವಾಗ ಗಿಡಕ್ಕೆಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದು. ಸಣ್ಣ ಕುಂಡವೊಂದಕ್ಕೆ ದಿನಕ್ಕೆ ಬೇಕಾಗುವುದು ಒಂದೆರಡು ಲೋಟ ನೀರು. ಅಕ್ಕಿ, ತರಕಾರಿ ತೊಳೆದ ನೀರು, ಏಸಿಯಿಂದ ತೊಟ್ಟಿಕ್ಕುವ ನೀರು ಧಾರಾಳವಾಗಿ ಸಾಕು. ಸಾಬೂನಿನ ನೀರು, ಆರ್‌ಓ ಯಂತ್ರ ಹೊರಬಿಡುವ ಉಪ್ಪಿನಂಶದ ನೀರು ಬೇಡ. ಬೋರ್‌ವೆಲ್ ನೀರಿನಿಂದ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದರೆ ಮಳೆಯಲ್ಲಿಟ್ಟು ತೊಳೆಯಬೇಕು. ಆದರೂ ಹತ್ತು ಕುಂಡಗಳ ಆಸೆಗಿಂತ ಎರಡನ್ನು ಚೆನ್ನಾಗಿ ಸಾಕುವುದು ಅಲ್ಲಿ ವಿವೇಕ.

ಊರಿಗೆ ಹೋಗುವಾಗ ಮರ ಯಾರಿಗೆ?

ಹೊರನಾಡ ಕನ್ನಡಿಗರ ಮನೆಯಲ್ಲಿ ಬೋನ್ಸಾಯ್ ಉಳಿಯುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಮೇ ತಿಂಗಳಲ್ಲಿ. ಮಕ್ಕಳ ಶಾಲೆಗೆ ರಜೆ ಸಿಕ್ಕ ಕೂಡಲೇ ಮದುವೆ, ಗೃಹಪ್ರವೇಶ, ಜಾತ್ರೆ, ಕೋಲ, ನೇಮಗಳಿಗಾಗಿ ಹದಿನೈದು ಇಪ್ಪತ್ತು ದಿನ ಮನೆಗೆ ಬೀಗ ಬೀಳುತ್ತದೆ. ಅದೇ ವರ್ಷದ ಉರಿ ಬಿಸಿಲ ಕಾಲ. ನೆಲದ ಮರ ತಿಂಗಳು ತಡೆಯುತ್ತದೆ, ತಗ್ಗು ಕುಂಡದ ಮರ ಎರಡು ದಿನ ತಡೆಯುವುದು ಕಷ್ಟ. ಐದು ವರ್ಷ ಸಾಕಿದ ಗಿಡ ಒಂದೇ ವಾರದಲ್ಲಿ ಕಡ್ಡಿಯಾಗುತ್ತದೆ.

ಮೂರು ನಾಲ್ಕು ದಿನಗಳ ಪ್ರಯಾಣವಾದರೆ ಕುಂಡಗಳನ್ನು ನೆರಳಿಗೆ ತಂದು, ಒದ್ದೆ ಮರಳು ತುಂಬಿದ ಅಗಲ ಟ್ರೇಯಲ್ಲಿ ಒತ್ತಾಗಿ ಇಡಬಹುದು. ಎತ್ತರದಲ್ಲಿಟ್ಟ ಬಕೆಟಿನಿಂದ ಹತ್ತಿಯ ದಪ್ಪ ಬತ್ತಿಯನ್ನು ಕುಂಡಕ್ಕೆ ಇಳಿಸಿದರೆ ನೀರು ನಿಧಾನವಾಗಿ ಇಳಿಯುತ್ತದೆ. ಹೊರಡುವ ವಾರದ ಮೊದಲೇ ಇದನ್ನು ಪರೀಕ್ಷಿಸಿ ನೋಡುವುದು ಅಗತ್ಯ. ಕುಂಡವನ್ನು ನೀರಿನಲ್ಲಿ ಮುಳುಗಿಸಿಟ್ಟು ಹೋದರೆ ಬೇರು ಕೊಳೆಯುತ್ತದೆ. ಅದಕ್ಕಿಂತ ಹೆಚ್ಚು ದಿನಗಳಿಗೆ ಮನುಷ್ಯರ ಕೈಯೇ ಬೇಕು.

ಇಲ್ಲಿ ಸಂಘಗಳು ದೊಡ್ಡ ಕೆಲಸ ಮಾಡಬಹುದು. ಏಪ್ರಿಲ್‌ನಲ್ಲಿ ಊರಿಗೆ ಹೋಗುವವರ ಕುಂಡಗಳನ್ನು ಮೇ ತಿಂಗಳಲ್ಲಿ ಹೋಗುವವರು, ಅವರದನ್ನು ಇವರು ನೋಡಿಕೊಳ್ಳುವ ಸರದಿ ಪಟ್ಟಿಯೊಂದನ್ನು ಮಹಿಳಾ ವಿಭಾಗ ಅಥವಾ ಹಿರಿಯ ನಾಗರಿಕರ ಬಳಗ ಸಿದ್ಧಪಡಿಸಿದರೆ ಹಲವು ಮರಗಳು ಉಳಿಯುತ್ತವೆ. ನಿವೃತ್ತರಾಗಿ ಮನೆಯಲ್ಲೇ ಇರುವ ಹಿರಿಯರಿಗೆ ದಿನಕ್ಕೆರಡು ಬಾರಿ ಹೋಗಿ ನೋಡುವ ನೆಪವೂ ದೊರೆತೀತು.

ತಲೆಮಾರಿನ ಆಸ್ತಿ

ಇಂತಹ ಕೈ ಬದಲಾವಣೆಯಿಂದಲೇ ಮರಗಳು ಶತಮಾನ ಬಾಳಿವೆ. ಜಪಾನಿನ ಹಿರೋಶಿಮಾದ ಯಮಾಕಿ ಕುಟುಂಬದ ಬಿಳಿ ಪೈನ್ 1625ರಿಂದ ಕುಂಡದಲ್ಲಿದೆ. 1945ರ ಆಗಸ್ಟ್ 6ರಂದು ಅಣುಬಾಂಬ್ ಬಿದ್ದಾಗ ಸ್ಫೋಟದ ಸ್ಥಳದಿಂದ ಸುಮಾರು 3 ಕಿಲೋಮೀಟರ್ ದೂರದ ಮನೆಯ ಗೋಡೆಯ ಮರೆಯಲ್ಲಿ ಅದು ಉಳಿಯಿತು. 1976ರಲ್ಲಿ ಮಸಾರು ಯಮಾಕಿ ಅದನ್ನು ಅಮೆರಿಕಕ್ಕೇ ಕೊಡುಗೆಯಾಗಿ ಕೊಟ್ಟರು. ಬಾಂಬಿನ ಕಥೆ ವಾಷಿಂಗ್ಟನ್‌ನ ಸಂಗ್ರಹಾಲಯದವರಿಗೆ ತಿಳಿದದ್ದು 2001ರಲ್ಲಿ, ಅವರ ಮೊಮ್ಮಕ್ಕಳು ಮರವನ್ನು ಹುಡುಕಿಕೊಂಡು ಬಂದಾಗ.

ನಮ್ಮ ನಾಡಿನಲ್ಲೂ ನೋಡಿ ಕಲಿಯುವ ತಾಣಗಳಿವೆ. ಮೈಸೂರಿನ ಅವಧೂತ ದತ್ತ ಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ 2016ರ ಡಿಸೆಂಬರ್‌ನಲ್ಲಿ 2,649 ಬೋನ್ಸಾಯ್‌ಗಳ ಪ್ರದರ್ಶನಕ್ಕೆ ಗಿನ್ನೆಸ್ ದಾಖಲೆ ಪಡೆದಿತ್ತು. ಬೆಂಗಳೂರಿನ ಲಾಲ್‌ಬಾಗ್‌ನಲ್ಲೂ ಬೋನ್ಸಾಯ್ ವಿಭಾಗವಿದೆ. ಪುಣೆಯಲ್ಲಿ 2018ರ ಫೆಬ್ರವರಿಯಲ್ಲಿ ಅಂತಾರಾಷ್ಟ್ರೀಯ ಬೋನ್ಸಾಯ್ ಸಮ್ಮೇಳನವೇ ನಡೆದಿತ್ತು. ರಜೆಯಲ್ಲಿ ಊರಿಗೆ ಹೋಗುವವರು ಮೈಸೂರು, ಬೆಂಗಳೂರಿನ ಉದ್ಯಾನಗಳಿಗೆ ಮಕ್ಕಳನ್ನು ಕರೆದೊಯ್ಯಬಹುದು.

ಒಂದು ಮಾತು ಮರೆಯುವಂತಿಲ್ಲ. ಕುಂಡದ ಮರ ನೆಲದ ಮರಕ್ಕೆ ಬದಲಿಯಲ್ಲ. 2025ರ ಕೊನೆಯಲ್ಲಿ ಕುಂಭಮೇಳದ ಸಿದ್ಧತೆಗಾಗಿ ನಾಸಿಕ್‌ನ ತಪೋವನದ ಮರಗಳನ್ನು ಕಡಿಯುವ ಪ್ರಸ್ತಾವ ಬಂದಾಗ ನಾಗರಿಕರು ಬೀದಿಗಿಳಿದಿದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ನಮ್ಮನ್ನಗಲಿದ ಸಾಲುಮರದ ತಿಮ್ಮಕ್ಕ ಹುಲಿಕಲ್-ಕುದೂರು ರಸ್ತೆಯ ಬದಿಯಲ್ಲಿ ಆಲದ ಸಾಲನ್ನೇ ಬೆಳೆಸಿದ್ದರು. ಗೋಡೆಯಿಂದ ಕಿತ್ತು ತಂದ ಸಸಿಗಳಲ್ಲಿ ಒಂದು ಕುಂಡಕ್ಕೆ ಹೋದರೆ, ಮತ್ತೊಂದು ಸಂಘದ ನಿವೇಶನದ ಮೂಲೆಯಲ್ಲೋ ಊರಿನ ಗುಡ್ಡದಲ್ಲೋ ನೆಲ ಸೇರಲಿ.

ಹವ್ಯಾಸ ಆರಂಭಿಸುವವರಿಗೆ ಮಳೆಗಾಲವೇ ಸುಮುಹೂರ್ತ. ಒಂದು ಜೇಡ್, ಒಂದು ಆಲದ ಸಸಿ, ಒಂದು ಕತ್ತರಿ, ಒಂದು ಜರಡಿ ಇದ್ದರೆ ಮೊದಲ ವರ್ಷಕ್ಕೆ ಬೇರೇನೂ ಬೇಡ. ದುಬಾರಿ ಕುಂಡವನ್ನು ಐದು ವರ್ಷದ ಬಳಿಕ, ಮರ ಅದಕ್ಕೆ ತಕ್ಕದಾದ ಮೇಲೆ ಕೊಂಡರಾಯಿತು.