ವರ್ಚುವಲ್ ಮಷಿನ್‌ನ ಜಾಲ ಎಲ್ಲಿ ಕಡಿಯುತ್ತದೆ?

ಲ್ಯಾಪ್‌ಟಾಪ್‌ನಲ್ಲಿ ಇಂಟರ್ನೆಟ್ ಸರಾಗವಾಗಿದೆ, ಅದರೊಳಗೆ ಓಡುತ್ತಿರುವ ವರ್ಚುವಲ್ ಮಷಿನ್‌ಗೆ ಮಾತ್ರ ಸಂಪರ್ಕವಿಲ್ಲ. ವಿಜಯಪುರದ ಕಾಲೇಜಿನಲ್ಲಿ ಕೇಬಲ್ ಸಿಕ್ಕಿಸಿ ಕೆಲಸ ಮಾಡಿ, ಸಂಜೆ ತಿಕೋಟಾಕ್ಕೋ ಬಬಲೇಶ್ವರಕ್ಕೋ ಮರಳಿ ಮೊಬೈಲ್ ಹಾಟ್‌ಸ್ಪಾಟ್ ಬಳಸುವ ವಿದ್ಯಾರ್ಥಿಗೆ ಈ ತೊಂದರೆ ಎದುರಾಗುವ ಸಾಧ್ಯತೆ ಹೆಚ್ಚು. ಆಗ ಹಲವರು ಮಷಿನ್ನನ್ನೇ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡುತ್ತಾರೆ. ಅದಕ್ಕೆ ಬೇಕಾಗುವ, ಉಬುಂಟು 24.04 ಆಪರೇಟಿಂಗ್ ಸಿಸ್ಟಮ್‌ನ ಡೆಸ್ಕ್‌ಟಾಪ್ ಕಡತವೊಂದೇ 5 ಜಿಬಿಗಿಂತ ದೊಡ್ಡದು. ದಿನಕ್ಕೆ 1.5 ಅಥವಾ 2 ಜಿಬಿ ಮಿತಿಯ ಮೊಬೈಲ್ ಡೇಟಾದಲ್ಲಿ ಇದು ಮೂರು ನಾಲ್ಕು ದಿನಗಳ ಪಾಲು. ಇಷ್ಟೆಲ್ಲ ಕಳೆದರೂ ರೋಗ ಹಾಗೆಯೇ ಉಳಿಯಬಹುದು. ಏಕೆಂದರೆ ಇಂಥ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಮಷಿನ್‌ನಲ್ಲಿ ಏನೂ ಕೆಟ್ಟಿರುವುದಿಲ್ಲ. ಸುತ್ತಲಿನ ಜಾಲ ಬದಲಾಗಿದೆ ಎಂಬುದು ಅದಕ್ಕೆ ತಿಳಿದಿರುವುದಿಲ್ಲ, ಅಷ್ಟೇ.

ಒಂದೇ ಯಂತ್ರದೊಳಗೆ ಹಲವು ಯಂತ್ರಗಳಿರುವಂತೆ ತೋರಿಸುವ ತಂತ್ರ ಹಳೆಯದು. ಐಬಿಎಂ 1972ರಲ್ಲೇ ತನ್ನ ದೊಡ್ಡ ಕಂಪ್ಯೂಟರುಗಳಿಗೆ ವಿಎಂ/370 ವ್ಯವಸ್ಥೆಯನ್ನು ಹೊರತಂದಿತ್ತು. ಇಂದು ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶ ಅದನ್ನೇ ಲ್ಯಾಪ್‌ಟಾಪ್‌ನಲ್ಲಿ ಮಾಡುತ್ತದೆ. ಒಳಗಿನ ಮಷಿನ್‌ಗೆ ನೆಟ್‌ವರ್ಕ್ ಕಾರ್ಡ್ ಇದೆ ಎಂಬಂತೆ ಅದು ನಟಿಸುತ್ತದೆ. ಅಲ್ಲಿಂದ ಹೊರಗಿನ ದಾರಿ ಮುಖ್ಯವಾಗಿ ಎರಡು ಬಗೆಯದು. ನ್ಯಾಟ್ ಬಗೆಯಲ್ಲಿ ಮಷಿನ್ ಲ್ಯಾಪ್‌ಟಾಪ್‌ನ ಬೆನ್ನ ಹಿಂದೆ ಅಡಗಿರುತ್ತದೆ. ಅದರ ವಿಳಾಸ ಸಾಮಾನ್ಯವಾಗಿ 10.0.2.15, ಹೊರಜಾಲಕ್ಕೆ ದಾಟಿಸುವ ಗೇಟ್‌ವೇ 10.0.2.2. ಬ್ರಿಡ್ಜ್ ಬಗೆಯಲ್ಲಿ ಅದು ಜಾಲದ ಸ್ವತಂತ್ರ ಸದಸ್ಯನಾಗಿ, ರೌಟರ್‌ನಿಂದ ನೇರವಾಗಿ ವಿಳಾಸ ಪಡೆಯುತ್ತದೆ.

ಊರು ಬದಲಾದಾಗ ಈ ಎರಡೂ ಬೇರೆ ಬೇರೆ ರೀತಿಯಲ್ಲಿ ಮುಗ್ಗರಿಸುತ್ತವೆ. ನ್ಯಾಟ್‌ನಲ್ಲಿ ಮಷಿನ್‌ನ ಸ್ವಂತ ವಿಳಾಸ ಬದಲಾಗುವುದಿಲ್ಲ. ಆದರೆ ಜಾಲತಾಣದ ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್ ಸರ್ವರ್‌ನ ಮಾಹಿತಿಯನ್ನು ಅದು ಲ್ಯಾಪ್‌ಟಾಪ್‌ನಿಂದ ಪಡೆದಿರುತ್ತದೆ. ಆ ಸರ್ವರ್ ಕಾಲೇಜಿನ ಒಳಜಾಲಕ್ಕಷ್ಟೇ ಸೇರಿದ್ದರೆ, ಬಬಲೇಶ್ವರದ ಹಾಟ್‌ಸ್ಪಾಟ್‌ನಿಂದ ಅದಕ್ಕೆ ದಾರಿಯಿಲ್ಲ. ಸಂಪರ್ಕ ಗಟ್ಟಿಯಾಗಿದ್ದರೂ ಹೆಸರುಗಳು ಸಿಗುವುದಿಲ್ಲ. ಬ್ರಿಡ್ಜ್‌ನ ಕಥೆ ಇನ್ನೂ ಬಿಗಿ. ಅದು ಲ್ಯಾಪ್‌ಟಾಪ್‌ನ ಒಂದು ನಿರ್ದಿಷ್ಟ ಕಾರ್ಡ್‌ಗೆ ಕಟ್ಟಿಕೊಂಡಿರುತ್ತದೆ. ಕೇಬಲ್ ಕಾರ್ಡ್‌ಗೆ ಕಟ್ಟಿದ ಸೇತುವೆ ವೈಫೈಗೆ ತಾನಾಗಿ ಜಿಗಿಯುವುದಿಲ್ಲ. ವೈಫೈಗೆ ಬದಲಿಸಿದರೂ ಒಂದು ತೊಡಕಿದೆ. ವೈಫೈ ಕೇಂದ್ರ ತನ್ನಲ್ಲಿ ನೋಂದಾಯಿಸಿದ ಸಾಧನದ ಹಾರ್ಡ್‌ವೇರ್ ವಿಳಾಸವನ್ನಷ್ಟೇ ಗುರುತಿಸುತ್ತದೆ. ಅದರ ಹಿಂದಿನ ಎರಡನೆಯ ಯಂತ್ರಕ್ಕಾಗಿ ತಂತ್ರಾಂಶವೇ ವಿಳಾಸ ತಿದ್ದಿ ಸಾಗಿಸಬೇಕು, ಇದು ಎಲ್ಲ ಕಡೆ ಫಲಿಸುವುದಿಲ್ಲ.

ಹಾಗಾದರೆ ಹುಡುಕುವುದು ಹೇಗೆ? ವಿಜಯಪುರದವರಿಗೆ ಇದರ ಮಾದರಿ ಊರಲ್ಲೇ ಇದೆ. ಸುಲ್ತಾನ ಮೊಹಮ್ಮದ್ ಆದಿಲ್ ಶಾ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದ ನಗರಕ್ಕೆ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ದಾರಿಯುದ್ದಕ್ಕೂ ನಿಂತ ಗೋಪುರಗಳು ಒತ್ತಡ ತಗ್ಗಿಸಿ ಹೂಳು ತಳಕ್ಕಿಳಿಯಲು ಅನುವು ಮಾಡಿಕೊಡುತ್ತಿದ್ದವು. ಇಂಥ ಸಾಲಿನಲ್ಲಿ ಯಾವ ಗೋಪುರದವರೆಗೆ ನೀರು ಬಂದಿದೆ ಎಂದು ನೋಡಿದರೆ ಒಡೆದ ಜಾಗ ತಾನಾಗಿ ತಿಳಿಯುತ್ತದೆ. ಜಾಲದಲ್ಲೂ ಹಾಗೆಯೇ ನೋಡುತ್ತಾ ಹೋಗಬೇಕು. ಮೊದಲು ಲ್ಯಾಪ್‌ಟಾಪ್‌ಗೆ ಇಂಟರ್ನೆಟ್ ಇದೆಯೇ? ಎರಡನೆಯದು, ಮಷಿನ್‌ಗೆ ಸರಿಯಾದ ವಿಳಾಸ ಸಿಕ್ಕಿದೆಯೇ? 169.254ರಿಂದ ಶುರುವಾಗುವ ವಿಳಾಸ ಕಂಡರೆ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನಿಂದ ಉತ್ತರ ಬಂದಿಲ್ಲ ಎಂದರ್ಥ. ಬ್ರಿಡ್ಜ್‌ನಲ್ಲಿ ಕಾಲೇಜಿನ ಹಳೆಯ ವಿಳಾಸವೇ ಉಳಿದಿದ್ದರೆ ಹೊಸದನ್ನು ಕೇಳಿ ಪಡೆಯಬೇಕು. ಮೂರನೆಯದು, ಗೇಟ್‌ವೇ ಉತ್ತರಿಸುತ್ತದೆಯೇ? ನಾಲ್ಕನೆಯದು, ಹೆಸರಿನ ಬದಲು ಸಂಖ್ಯೆಯಿಂದಲೇ ಹೊರಗಿನ ಸರ್ವರ್ ಸಿಗುತ್ತದೆಯೇ? ಸಂಖ್ಯೆಗೆ ಸಿಕ್ಕು ಹೆಸರಿಗೆ ಸಿಗದಿದ್ದರೆ ದೋಷ ಡಿಎನ್‌ಎಸ್‌ನದು.

ಇಷ್ಟೆಲ್ಲ ಏಕೆ, ಮಷಿನ್ನನ್ನು ರೀಸ್ಟಾರ್ಟ್ ಮಾಡಿದರೆ ಸಾಕಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ: ರೀಸ್ಟಾರ್ಟ್ ಆದಾಗ ವಿಳಾಸವೂ ಡಿಎನ್‌ಎಸ್ ಮಾಹಿತಿಯೂ ಹೊಸದಾಗಿ ಬರುವುದರಿಂದ ಹಲವು ಬಾರಿ ಗುಣವಾಗುತ್ತದೆ. ಆದರೆ ತಪ್ಪು ಕಾರ್ಡ್‌ಗೆ ಕಟ್ಟಿದ ಸೇತುವೆ ಎಷ್ಟು ರೀಸ್ಟಾರ್ಟ್ ಮಾಡಿದರೂ ತಪ್ಪಾಗಿಯೇ ಇರುತ್ತದೆ. ಜೊತೆಗೆ, ಕಾರಣ ತಿಳಿಯದೆ ಗುಣವಾದದ್ದು ಮುಂದಿನ ಪ್ರಯಾಣದಲ್ಲಿ ಮತ್ತೆ ಕೈಕೊಡುತ್ತದೆ. ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್ ಪರೀಕ್ಷೆ ಸೋತರೆ ಜಾಲವೇ ಸತ್ತಿದೆ ಎಂಬುದು ಇನ್ನೊಂದು ನಂಬಿಕೆ. ವರ್ಚುವಲ್‌ಬಾಕ್ಸ್‌ನ ನ್ಯಾಟ್, ಪಿಂಗ್ ಬಳಸುವ ಐಸಿಎಂಪಿ ಸಂದೇಶಗಳನ್ನು ಪೂರ್ತಿಯಾಗಿ ಸಾಗಿಸುವುದಿಲ್ಲ. ಪಿಂಗ್ ಸೋತರೂ ಬ್ರೌಸರ್ ಪುಟ ತೆರೆಯಬಹುದು. ಹಾಗಾಗಿ ಒಂದೇ ಪರೀಕ್ಷೆಯ ಸೋಲನ್ನು ತೀರ್ಪೆಂದು ಒಪ್ಪಬಾರದು. ನ್ಯಾಟ್ ಒಂದನ್ನೇ ಬಳಸಿ ನಿಶ್ಚಿಂತೆಯಿಂದಿರಬಾರದೇ ಎಂದರೆ, ಓಡಾಡುವವರಿಗೆ ಆ ಸಲಹೆ ಬಹುಮಟ್ಟಿಗೆ ಸರಿ. ಆದರೆ ಮಷಿನ್‌ನಲ್ಲಿ ಸರ್ವರ್ ನಡೆಸಿ ಬೇರೆ ಸಾಧನಗಳಿಂದ ತಲುಪಬೇಕಾದಾಗ ನ್ಯಾಟ್ ಗೋಡೆಯಾಗುತ್ತದೆ. ಪೋರ್ಟ್ ಫಾರ್ವರ್ಡಿಂಗ್ ಮೂಲಕ ಅದರಲ್ಲಿ ಬಾಗಿಲು ತೆರೆಯಬೇಕು.

ಆದ್ದರಿಂದ ಒಮ್ಮೆಗೆ ಒಂದನ್ನೇ ಬದಲಿಸಿ, ಫಲ ನೋಡಿ, ಬರೆದಿಟ್ಟುಕೊಳ್ಳುವುದೇ ಸರಿಯಾದ ದಾರಿ. ಮೂರು ಬದಲಾವಣೆ ಒಟ್ಟಿಗೆ ಮಾಡಿದವರಿಗೆ ಯಾವುದು ಕೆಲಸ ಮಾಡಿತೆಂದು ಗೊತ್ತಾಗುವುದಿಲ್ಲ. ದುಬಾರಿ ಉಪಕರಣಗಳ ಲ್ಯಾಬ್ ಇಲ್ಲದ ಊರಿನ ವಿದ್ಯಾರ್ಥಿಗೂ ವರ್ಚುವಲ್ ಮಷಿನ್ ಒಂದು ಪೂರ್ಣ ಪ್ರಯೋಗಶಾಲೆ. ಅದರಲ್ಲಿ ಜಾಲ ಕಡಿದ ಗಳಿಗೆಯೇ ಜಾಲ ಹೇಗೆ ನಡೆಯುತ್ತದೆಂದು ಕಲಿಯಲು ತಕ್ಕ ಗಳಿಗೆ. ಮಷಿನ್ ಅಳಿಸಿದರೆ ಆ ಪಾಠವೂ ಅದರೊಂದಿಗೆ ಅಳಿಸಿಹೋಗುತ್ತದೆ.